ಸಾಹೇಬ್ರೆ, ಎಂತಕ್ಕೆ ಬಂದ್ರಿ?

ಪೊಲೀಸ್ ಬೈಕು ಊರೊಳಗೆ ಬಂದು ಯಾರದಾದರೂ ಮನೆಯ ದಣಪೆಯ ಎದುರು ನಿಂತರೆ ನಮ್ಮ ಕಡೆ ಮೊದಲು ಕೇಳುವ ಮಾತು ಒಂದೇ: "ಸಾಹೇಬ್ರೆ, ಎಂತಕ್ಕೆ ಬಂದ್ರಿ?" ಬೇರೆ ಯಾರು ಬಂದರೂ "ಬನ್ನಿ, ಕೂತ್ಕಳಿ, ಆಸ್ರಿಗೆ ಬೇಕಾ" ಅನ್ನುವ ಜನ ನಾವು. ಪೊಲೀಸರಿಗೆ ಮಾತ್ರ ಕುಡಿಯಲು ಕೊಡುವ ಆಸ್ರಿ ಆಮೇಲೆ, ಕಾರಣ ಮೊದಲು. 1985ರಲ್ಲಿ ಪೇದೆಯಾಗಿ ಸೇರಿದ ನಾನು ಕುಮಟಾ, ಹೊನ್ನಾವರ, ಭಟ್ಕಳ ಎಂದು ಕರಾವಳಿಯ ಉದ್ದಕ್ಕೂ ವರ್ಗವಾಗುತ್ತ 2023ರಲ್ಲಿ ಎಎಸ್ಐ ಆಗಿ ನಿವೃತ್ತನಾದೆ. ಅಷ್ಟೂ ವರ್ಷ ಈ ಪ್ರಶ್ನೆ ಕೇಳಿಸಿಕೊಂಡಿದ್ದೇನೆ. ಕೇಳುವ ಮುಖಗಳು ಬದಲಾದವು, ಆ ಮುಖದ ಮೇಲಿನ ಗಾಬರಿ ಬದಲಾಗಲಿಲ್ಲ.

ಪೊಲೀಸ್ ಎಂತಕ್ಕೆ ಬರುತ್ತಾನೆ? ಹೆಚ್ಚಿನ ಸಲ ತೀರಾ ಸಾಮಾನ್ಯ ಕಾರಣಕ್ಕೆ. ಕೋರ್ಟಿನ ಸಮನ್ಸ್ ಮುಟ್ಟಿಸಲು. ಸಮನ್ಸ್ ಬಂತು ಎಂದರೆ ನೀವು ಆರೋಪಿ ಎಂದಲ್ಲ, ಎಂದೋ ಒಂದು ಅಪಘಾತ ಕಂಡದ್ದಕ್ಕೆ ಸಾಕ್ಷಿ ಹೇಳಲು ಕರೆದಿರಬಹುದು. ಭಟ್ಕಳದ ಓಣಿಗಳಲ್ಲಾದರೆ ಬಹುಪಾಲು ಪಾಸ್‌ಪೋರ್ಟ್ ಪರಿಶೀಲನೆ. ತಲೆಮಾರುಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ಊರು ಅದು. ಅಲ್ಲಿ ಪೊಲೀಸ್ ಬಾಗಿಲು ತಟ್ಟಿದರೆ ಮನೆಯ ಹುಡುಗನೊಬ್ಬನ ಕೆಲಸ ಕುದುರಿತು ಎಂದು ಅರ್ಥ. ಇಲ್ಲೊಂದು ಮಾತು ಹೇಳಿಬಿಡುತ್ತೇನೆ: ಪಾಸ್‌ಪೋರ್ಟಿನ ಶುಲ್ಕವನ್ನು ನೀವು ಅರ್ಜಿ ಹಾಕುವಾಗಲೇ ಕಟ್ಟಿರುತ್ತೀರಿ. ಪರಿಶೀಲನೆಗೆ ಬಂದವನಿಗೆ ಚಹಾ ಕೊಟ್ಟರೆ ಅದು ನಿಮ್ಮ ಮನೆಯ ಮರ್ಯಾದೆ. ಅದಕ್ಕಿಂತ ಹೆಚ್ಚು ಏನನ್ನೂ ಕೊಡಬೇಕಾಗಿಲ್ಲ, ಅವನು ಕೇಳುವಂತೆಯೂ ಇಲ್ಲ.

ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಬರುತ್ತೇವೆ, ಅದಕ್ಕೇ ಬೀಟ್ ಎನ್ನುವುದು. 2025ರ ಜುಲೈನಲ್ಲಿ ಗೋಕರ್ಣದ ರಾಮತೀರ್ಥ ಗುಡ್ಡದ ಗುಹೆಯೊಂದರಲ್ಲಿ ಇಬ್ಬರು ಚಿಕ್ಕ ಹೆಣ್ಣುಮಕ್ಕಳೊಡನೆ ರಷ್ಯದ ಮಹಿಳೆಯೊಬ್ಬರು ವಾಸವಾಗಿದ್ದ ಸುದ್ದಿ ದೇಶವೆಲ್ಲ ಹರಡಿತಲ್ಲ, ಆಗ ನನ್ನನ್ನು ಬಹಳ ಜನ ಕೇಳಿದರು: "ಆ ಗುಡ್ಡದ ಮೇಲೆ ಪೊಲೀಸರಿಗೆ ಎಂತ ಕೆಲಸ ಇತ್ತು?" ಗಸ್ತಿನ ಕೆಲಸ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಜಾಗ ಅದು. ಹಿಂದಿನ ವರ್ಷವಷ್ಟೇ, 2024ರ ಜುಲೈ 16ರಂದು, ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿದು ಜೀವಗಳನ್ನು ಗಂಗಾವಳಿ ನದಿಗೆ ತಳ್ಳಿದ್ದನ್ನು ಈ ಕರಾವಳಿ ಮರೆತಿರಲಿಲ್ಲ. ಯಾರಾದರೂ ಅಪಾಯದಲ್ಲಿದ್ದಾರೆಯೇ ಎಂದು ನೋಡುತ್ತ ಹೋದವರಿಗೆ ಗುಹೆಯ ಬಾಯಲ್ಲಿ ಮನುಷ್ಯರ ಕುರುಹು ಕಂಡಿತು. 2025ರಲ್ಲೇ ಸರ್ಕಾರ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮವನ್ನೂ ತಂದಿತು. ಇನ್ನು ಮೇಲೆ ನಿಮ್ಮ ಬೀಟಿನ ಪೇದೆ ದಣಪೆ ದಾಟಿ ಒಳಗೆ ಬಂದರೆ ಕೂರಲು ಹೇಳಿ, ನಿಮ್ಮ ಕಷ್ಟ ಹೇಳಿ.

ಮಕ್ಕಳು ಕೇಳುವುದು ಬಂದೂಕಿನ ವಿಷಯ. ಶಾಲೆಗೆ ಹೋದಾಗಲೆಲ್ಲ ಸೊಂಟದ ಕಡೆ ನೋಡಿ "ಅದ್ರಲ್ಲಿ ಗುಂಡು ಇದೆಯಾ?" ಎನ್ನುತ್ತಾರೆ. ಗಸ್ತಿನ ಪೇದೆಯ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಲಾಠಿ. ಬಂದೂಕು ಠಾಣೆಯಲ್ಲಿ ಲೆಕ್ಕದಲ್ಲಿ ಇರುತ್ತದೆ, ಒಂದೊಂದು ಗುಂಡಿಗೂ ಲೆಕ್ಕ. ನಾನು ಅಭ್ಯಾಸದ ಮೈದಾನದಲ್ಲಿ ಬಿಟ್ಟು ಬೇರೆಲ್ಲೂ ಗುಂಡು ಹಾರಿಸದೆ ನಿವೃತ್ತನಾದೆ. ಹೆಚ್ಚಿನ ಪೊಲೀಸರ ಬದುಕು ಹೀಗೇ.

ದೊಡ್ಡವರು ಕೇಳುವುದು ನಕ್ಷತ್ರದ ವಿಷಯ: ಯಾರು ದೊಡ್ಡವರು, ಯಾರಿಗೆ ಹೇಳಿದರೆ ಕೆಲಸ ಆಗುತ್ತದೆ? ಭುಜದ ಮೇಲೆ ಒಂದು ನಕ್ಷತ್ರವಿದ್ದರೆ ಎಎಸ್ಐ, ಎರಡಿದ್ದರೆ ಪಿಎಸ್ಐ, ಮೂರಿದ್ದು ಕೆಳಗೆ ಕೆಂಪು ನೀಲಿ ಪಟ್ಟಿ ಇದ್ದರೆ ಇನ್‌ಸ್ಪೆಕ್ಟರ್, ಪಟ್ಟಿ ಇಲ್ಲದೆ ಮೂರಿದ್ದರೆ ಡಿವೈಎಸ್‌ಪಿ. ನಮ್ಮ ಹಿರಿಯರಿಗೆ ಈ ಹೆಸರುಗಳೇ ಬಾಯಿಗೆ ಬರುವುದಿಲ್ಲ. ಅವರಿಗೆ ಪಿಎಸ್ಐ ಎಂದರೆ ಫೌಜದಾರ, ಹೆಡ್‌ಕಾನ್‌ಸ್ಟೇಬಲ್ ಎಂದರೆ ಹವಾಲ್ದಾರ. ಮೈಸೂರು ಕಡೆಯವರು ದಫೇದಾರ ಎನ್ನುವುದನ್ನೇ ನಾವು ಹವಾಲ್ದಾರ ಎನ್ನುತ್ತೇವೆ. ಅದಕ್ಕೆ ಕಾರಣ ಇದೆ. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು, 1956ರ ಏಕೀಕರಣದವರೆಗೂ ನಾವು ಅಲ್ಲೇ ಇದ್ದೆವು. ಆಳ್ವಿಕೆ ಹೋದರೂ ಹೆಸರು ಉಳಿಯಿತು. ಟೋಪಿ ಮಾತ್ರ ಬದಲಾಯಿತು. ಪೇದೆಗಳು ದಶಕಗಳಿಂದ ಹಾಕುತ್ತಿದ್ದ, ಒಂದು ಬದಿ ಮಡಿಚಿದ ಅಗಲ ಅಂಚಿನ ಟೋಪಿ 2025ರ ಅಕ್ಟೋಬರಿನಲ್ಲಿ ಹೋಗಿ ಕಡುನೀಲಿ ಪೀಕ್ ಕ್ಯಾಪ್ ಬಂತು. ಕಡಲ ಗಾಳಿಯಲ್ಲಿ ಆ ಹಳೆಯ ಟೋಪಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಂದೋಬಸ್ತಿಗೆ ನಿಂತ ನನಗೆ ಈ ಬದಲಾವಣೆ ಸಂತೋಷ ತಂದಿತು.

ಆದರೆ "ಯಾರಿಗೆ ಹೇಳಿದರೆ ಕೆಲಸ ಆಗುತ್ತದೆ" ಎಂಬ ಪ್ರಶ್ನೆಯಲ್ಲಿ ನನಗೊಂದು ನೋವಿದೆ. ನಮ್ಮಲ್ಲಿ ಬಡವರು ಠಾಣೆಗೆ ಒಬ್ಬರೇ ಬರುವುದಿಲ್ಲ. ಊರಿನ ಮುಖಂಡರೊಬ್ಬರನ್ನೋ ಪಂಚಾಯ್ತಿ ಮೆಂಬರನ್ನೋ ಮುಂದೆ ಬಿಟ್ಟು ತಾವು ಹಿಂದೆ ನಿಲ್ಲುತ್ತಾರೆ. ಪೆಟ್ಟು ತಿಂದವಳು ಬಾಗಿಲ ಬಳಿ, ಮಾತಾಡುವವರು ಕುರ್ಚಿಯ ಮೇಲೆ. ಕೊನೆಗೆ ದೂರಿನಲ್ಲಿ ಇರುವುದು ಅವಳ ಮಾತಲ್ಲ, ಅವರ ಮಾತು. ಎಷ್ಟೋ ಸಲ ದೂರೇ ಆಗದೆ "ರಾಜಿ ಆಯ್ತು" ಎಂದು ಕರೆದುಕೊಂಡು ಹೋದದ್ದನ್ನು ನೋಡಿದ್ದೇನೆ. ಠಾಣೆಗೆ ಬರಲು ಶಿಫಾರಸು ಬೇಕಿಲ್ಲ. ಈ ಹೊತ್ತು ನಾನು ಮೈಕಿನ ಮುಂದೆ ಕೂತದ್ದು ಈ ಒಂದು ಮಾತಿಗಾಗಿ.

ಅದಕ್ಕೇ ದೂರಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ.

"ನಾ ಬರೆಯೂಕೆ ಬರದವ, ಎಂತ ಮಾಡೂದು?" ಬಾಯಲ್ಲಿ ಹೇಳಿ. ನೀವು ಹೇಳಿದ್ದನ್ನು ಬರೆದುಕೊಳ್ಳುವುದು, ಬರೆದದ್ದನ್ನು ನಿಮಗೆ ಓದಿ ಹೇಳುವುದು, ಆಮೇಲೆ ಸಹಿ ತೆಗೆದುಕೊಳ್ಳುವುದು ಪೊಲೀಸರ ಕರ್ತವ್ಯ. ಓದಿ ಹೇಳುವುದು ಯಾಕೆ ಮುಖ್ಯ ಎಂಬುದಕ್ಕೆ ಒಂದು ಘಟನೆ. ನಮ್ಮ ಜಿಲ್ಲೆಯ ಠಾಣೆಗಳಲ್ಲಿ ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರು ಬಹಳ. ದುಡಿಮೆಯಲ್ಲಿ ಗಟ್ಟಿಗರು, ಆದರೆ ಕಡಲ ಕರೆಯ ಮಾತು ಅವರಿಗೆ ಹೊಸದು. ಒಮ್ಮೆ ಅಘನಾಶಿನಿ ದಂಡೆಯ ಒಬ್ಬ ಮುದುಕ ಬಂದು "ಗಜನಿಯಿಂದ ನನ್ನ ಬಲೆ ಹೋಯ್ತು" ಎಂದ. ಆಗಷ್ಟೇ ಬಂದಿದ್ದ ಹುಡುಗ ಬರೆದದ್ದು: ಗಜನಿ ಎಂಬವನಿಂದ ಬಲೆ ಕಳುವಾಗಿದೆ. ಗಜನಿ ಎಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆ, ಕಗ್ಗ ಭತ್ತ ಬೆಳೆಯುವ ಜಾಗ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿದ್ದರೆ ಆ ಮುದುಕ ಇಲ್ಲದ ಮನುಷ್ಯನೊಬ್ಬನ ಮೇಲೆ ದೂರು ಕೊಟ್ಟಂತಾಗುತ್ತಿತ್ತು. ಭಟ್ಕಳದ ನವಾಯತಿ ಮಾತಿನ ತಾಯಿ, ಹೊನ್ನಾವರದ ಕೊಂಕಣಿ ಮಾತಿನ ಮೀನುಗಾರ, ಗುಡ್ಡದ ಬುಡದ ಹಾಲಕ್ಕಿ ಅಜ್ಜಿ, ಮೂವರ ಮಾತೂ ಬೇರೆ. ಬರೆದವನಿಗೆ ಅರ್ಥವಾಗಿದೆಯೇ ಎಂದು ತಿಳಿಯುವ ದಾರಿ ಓದಿಸಿ ಕೇಳುವುದೊಂದೇ. ಹಾಗೆ ಕೇಳಿದರೆ ಯಾರೂ ಸಿಟ್ಟಾಗಬೇಕಾಗಿಲ್ಲ.

ಎಫ್ಐಆರ್ ಆದ ಮೇಲೆ ಅದರ ಪ್ರತಿಯನ್ನು ಅಲ್ಲೇ ಉಚಿತವಾಗಿ ಕೊಡಬೇಕು. ಕೇಳಿ ತೆಗೆದುಕೊಳ್ಳಿ. ದೂರು ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ವಿಷಯವನ್ನು ಬರೆದು ಕಾರವಾರದ ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ದೂರಿಗೆ ನೀವು ಸಹಿ ಮಾಡಬೇಕು, ಆದರೆ ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. ಹೆಂಗಸರನ್ನು, ಅರವತ್ತು ದಾಟಿದವರನ್ನು, ಹದಿನೈದು ತುಂಬದ ಹುಡುಗರನ್ನು ಸಾಕ್ಷಿ ಕೇಳಲು ಠಾಣೆಗೆ ಬಾ ಎಂದು ಒತ್ತಾಯಿಸುವಂತಿಲ್ಲ, ನಾವೇ ಮನೆಗೆ ಬರಬೇಕು.

ಎಲ್ಲ ದೂರಿಗೂ ಎಫ್ಐಆರ್ ಆಗುವುದಿಲ್ಲ, ಅದೂ ನಿಜ. ಬರೀ ಬೈಗುಳದ ಜಗಳವಾದರೆ ಅದನ್ನು ಬೇರೆ ಪುಸ್ತಕದಲ್ಲಿ ದಾಖಲಿಸುತ್ತಾರೆ, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಅದರ ತನಿಖೆ ಮಾಡುವಂತಿಲ್ಲ. ಬೇಲಿ ಜಗಳಕ್ಕೆ ಬಂದವರಿಗೆ ಹಿಂಬರಹ ಕೊಟ್ಟು ಸಿವಿಲ್ ಕೋರ್ಟಿಗೆ ಹೋಗಿ ಎನ್ನುತ್ತಾರೆ. ಆಗ ಜನ "ಪೊಲೀಸರು ಆಚೆಯವರ ಕಡೆ" ಎಂದುಕೊಳ್ಳುತ್ತಾರೆ. ಗಡಿಕಲ್ಲು ಯಾರದೆಂದು ತೀರ್ಮಾನಿಸುವ ಅಧಿಕಾರ ಪೊಲೀಸರಿಗಿಲ್ಲ. ಹೊಡೆದಾಟ ಆಗದಂತೆ ಎರಡೂ ಕಡೆಯವರಿಂದ ತಹಶೀಲ್ದಾರರ ಮುಂದೆ ಮುಚ್ಚಳಿಕೆ ಬರೆಸಬಹುದು, ಅಷ್ಟೇ. ಊರವರು ಅದಕ್ಕೆ ಈಗಲೂ "107 ಹಾಕೂದು" ಎನ್ನುತ್ತಾರೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದು ಆ ಕಲಮಿನ ಸಂಖ್ಯೆ 126 ಆಗಿದೆ.

"ನಮ್ಮ ಹದ್ದಿನಲ್ಲಿ ಬರೋದಿಲ್ಲ." ಇದು ಜನರ ಪ್ರಶ್ನೆಯಲ್ಲ, ಪೊಲೀಸರ ಉತ್ತರ. ಇದರ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳಬೇಕು. ಯಾವ ಠಾಣೆ ಎಂದು ಹೇಳುವುದಿಲ್ಲ. ನಾನು ಸೇರಿದ ಹೊಸತು, ಮಳೆಗಾಲ ಮುಗಿಯುತ್ತಿದ್ದ ಕಾಲ. ರಾತ್ರಿ ಹತ್ತರ ಮೇಲೆ ಒಬ್ಬ ಹೆಂಗಸು ಬಂದಳು. ಗಂಡ ಬಳಚು ಚಿಪ್ಪು ಹೆಕ್ಕಲು ಇಳಿತದ ಹೊತ್ತಿಗೆ ಹೊಳೆಗೆ ಹೋದವನು ಬಂದಿಲ್ಲ ಎಂದಳು. ನಾನು ಕೇಳಿದ್ದು ಎರಡೇ. ಯಾವ ದಂಡೆ? ಎಷ್ಟು ಹೊತ್ತಾಯಿತು? ದಂಡೆ ಆಚೆಯ ಠಾಣೆಯದು ಎಂದೆ. ಒಂದು ದಿನ ಕಾಯಬೇಕು, ಬೆಳಗಾಗಲಿ ಎಂದೆ. ಅವಳು ಹೋಗಲಿಲ್ಲ. ರಾತ್ರಿಯಿಡೀ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಒಳಗೆ ಡ್ಯೂಟಿಯಲ್ಲಿ ಕುರ್ಚಿಯ ಮೇಲೆ. ಬೆಳಿಗ್ಗೆ ಹವಾಲ್ದಾರರು ಬಂದವರೇ ವಿಷಯ ಕೇಳಿ, ನನಗೊಂದು ಮಾತೂ ಆಡದೆ ದೋಣಿ ಹಿಡಿದು ಹೊರಟರು. ಮಧ್ಯಾಹ್ನದ ಹೊತ್ತಿಗೆ ಮನುಷ್ಯ ಸಿಕ್ಕಿದ, ಜೀವಂತವಾಗಿ. ಕಾಲು ಮುರಿದುಕೊಂಡು ಆಚೆ ದಂಡೆಯ ಕಾಂಡ್ಲ ಗಿಡಗಳ ನಡುವೆ, ಉಬ್ಬರದ ನೀರು ಎದೆಯವರೆಗೆ ಏರಿದರೂ ಅಲ್ಲೇ ರಾತ್ರಿ ಕಳೆದಿದ್ದ. ಅವನು ಬದುಕಿದ್ದು ನನ್ನ ತಪ್ಪನ್ನು ಸಣ್ಣದು ಮಾಡುವುದಿಲ್ಲ.

ಕಾಣೆಯಾದವರಿಗೆ ಇಪ್ಪತ್ನಾಲ್ಕು ಗಂಟೆ ಕಾಯಬೇಕು ಎಂಬ ಕಾನೂನು ಇಲ್ಲ. ಕೂಡಲೇ ಬರಬೇಕು, ಕೂಡಲೇ ಬರೆದುಕೊಳ್ಳಬೇಕು. ಹದ್ದಿನ ಮಾತೂ ಹಾಗೆಯೇ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಶೂನ್ಯ ಸಂಖ್ಯೆ ಕೊಟ್ಟು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುವುದು ಪೊಲೀಸರ ಕೆಲಸ. ಜೀರೋ ಎಫ್ಐಆರ್ ಎಂದರೆ ಅದೇ, ಹೊಸ ಕಾನೂನಿನಲ್ಲಿ ಅದು ಸ್ಪಷ್ಟವಾಗಿಯೇ ಇದೆ. ಅಘನಾಶಿನಿ ಹೊಳೆ ಕಡಲು ಸೇರುವ ನಮ್ಮ ಅಳವೆಯಂಥ ಜಾಗಕ್ಕೆ ಇದು ತೀರಾ ಬೇಕಾದದ್ದು. ಉತ್ತರದ ತದಡಿ ಗೋಕರ್ಣ ಠಾಣೆಯ ಕಡೆ, ದಕ್ಷಿಣದ ಅಘನಾಶಿನಿ ಊರು ಕುಮಟಾ ಠಾಣೆಯ ಕಡೆ, ಎದುರಿನ ಕಡಲು ಕರಾವಳಿ ಕಾವಲು ಪೊಲೀಸರದು. ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಅವರ ಠಾಣೆಗಳು ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಕಡೆ ಇವೆ. ತೀರದಿಂದ 12 ನಾಟಿಕಲ್ ಮೈಲಿಯವರೆಗೆ ಅವರ ವ್ಯಾಪ್ತಿ. ಹೊಳೆಯ ನೀರು ಇಳಿತಕ್ಕೆ ಒಂದು ಕಡೆ ಒಯ್ಯುತ್ತದೆ, ಉಬ್ಬರಕ್ಕೆ ಇನ್ನೊಂದು ಕಡೆ ತರುತ್ತದೆ. ಸಂಕಟದಲ್ಲಿರುವ ಹೆಂಗಸು ಇದರ ಲೆಕ್ಕ ಹಾಕಬೇಕೇ?

ಕಡಲಿನ ಮಾತು ಬಂತು. ನನ್ನ ಕೆಲಸದಲ್ಲಿ ಅತಿ ಕಷ್ಟದ ಪ್ರಶ್ನೆ ಕೇಳಿದ್ದು ಆಸ್ಪತ್ರೆಯ ಹಿಂಬದಿಯ ಶವಾಗಾರದ ಹೊರಗೆ. "ನೀರಲ್ಲಿ ಹೋದೋರನ್ನ ಮತ್ತೆ ಕೊಯ್ಯೂದು ಎಂತಕ್ಕೆ, ಸಾಹೇಬ್ರೆ?" ಗೋಕರ್ಣದ ಓಂ ಬೀಚಿನ ಬಂಡೆಗಳ ಬಳಿ, ಮುರ್ಡೇಶ್ವರದ ದಡದಲ್ಲಿ ದೂರದೂರಿನಿಂದ ಬಂದವರು ಕಡಲಿಗಿಳಿದು ಹೋಗುವುದು ನಮಗೆ ಹೊಸತಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ತೀರಿಹೋದರು. ಅಷ್ಟರಲ್ಲಿ ನಾನು ನಿವೃತ್ತನಾಗಿದ್ದೆ. ಸುದ್ದಿ ಕೇಳಿದಾಗ ಮೊದಲು ನೆನಪಾದದ್ದು ಅವರ ತಂದೆತಾಯಿಗಳ ಎದುರು ಕೂತು ಪಂಚನಾಮೆ ಬರೆಯಬೇಕಾದ ನನ್ನ ಸಹೋದ್ಯೋಗಿಗಳು.

ಮರಣೋತ್ತರ ಪರೀಕ್ಷೆ ಯಾಕೆ ಬೇಕು ಎಂದು ಹೇಳುತ್ತೇನೆ. ಮುಳುಗಿ ಸತ್ತರೂ, ಅಡಿಕೆ ಮರದಿಂದ ಬಿದ್ದು ಸತ್ತರೂ, ಹಾವು ಕಚ್ಚಿ ಸತ್ತರೂ ಕಾನೂನಿನ ಲೆಕ್ಕದಲ್ಲಿ ಅದು ಅಸ್ವಾಭಾವಿಕ ಮರಣ. ಊರಿನ ಪಂಚರ ಎದುರು ದೇಹದ ಸ್ಥಿತಿ ಬರೆಯಬೇಕು, ಸಾವಿನ ಕಾರಣದಲ್ಲಿ ಸಂಶಯವಿದ್ದರೆ ವೈದ್ಯರಿಗೆ ಒಪ್ಪಿಸಬೇಕು. ಮುಳುಗಿದವನು ಮುಳುಗಿಯೇ ಸತ್ತನೋ, ಸತ್ತ ಮೇಲೆ ನೀರಿಗೆ ಬಿದ್ದನೋ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಅಂದು ಕೈಮುಗಿದು "ಬೇಡ, ಹಾಗೇ ಕೊಡಿ" ಎಂದ ಮನೆಯವರೇ ಮೂರು ತಿಂಗಳ ಮೇಲೆ ವಿಮೆಗಾಗಿಯೋ, ಮೀನುಗಾರರ ಸಂಕಷ್ಟ ಪರಿಹಾರಕ್ಕಾಗಿಯೋ ಆ ವರದಿ ಹುಡುಕಿಕೊಂಡು ಬರುತ್ತಾರೆ. ಇದನ್ನು ದುಃಖದಲ್ಲಿರುವವರಿಗೆ ತಿಳಿಹೇಳುವುದು ಸುಲಭವಲ್ಲ. ಹೊತ್ತು ಮುಳುಗುವ ಮೊದಲು ಸಂಸ್ಕಾರ ಆಗಬೇಕು ಎಂಬ ಅವರ ಆತುರ ನ್ಯಾಯವಾದದ್ದು. 2021ರ ನವೆಂಬರಿನಿಂದ ಸೌಕರ್ಯ ಇರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ಮೇಲೂ ಮರಣೋತ್ತರ ಪರೀಕ್ಷೆ ಮಾಡಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಿದೆ. ಆದರೆ ಬೆಳಕು, ಸಲಕರಣೆ, ವೈದ್ಯರು ಎಲ್ಲ ಇರಬೇಕು, ಕೊಲೆ ಅತ್ಯಾಚಾರದಂಥ ಸಂಶಯ ಇರಬಾರದು. ಇಂಥ ಹೊತ್ತಿನಲ್ಲಿ ಪೊಲೀಸರು ಮಾಡಬಹುದಾದ ಉಪಕಾರ ಒಂದೇ: ಕಾಗದ ಬೇಗ ಬರೆದು ಮುಗಿಸುವುದು. ಅದಕ್ಕೇ ಕಡಲ ದಡದಲ್ಲಿ ಇಳಿಯಬೇಡಿ ಎಂದರೆ ದಯವಿಟ್ಟು ಇಳಿಯಬೇಡಿ. ಆ ಮಾತು ಹೇಳುವವನು ಯಾರದೋ ಪಂಚನಾಮೆ ಬರೆದು ಬಂದವನಾಗಿರುತ್ತಾನೆ.

"ಪೊಲೀಸರು ಹೊಡೀತ್ರಾ?" ಮಕ್ಕಳು ನೇರವಾಗಿ, ದೊಡ್ಡವರು ದನಿ ತಗ್ಗಿಸಿ ಕೇಳುತ್ತಾರೆ. ಬಂಧಿತನನ್ನು ಹೊಡೆಯುವ ಹಕ್ಕನ್ನು ಯಾವ ಕಾನೂನೂ ಯಾವ ಪೊಲೀಸನಿಗೂ ಕೊಟ್ಟಿಲ್ಲ. ಹೊಡೆದು ತಪ್ಪು ಒಪ್ಪಿಸಿದರೆ ಉಪಯೋಗವೂ ಇಲ್ಲ, ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಮನೆಯವರಿಗೆ ತಿಳಿಸಬೇಕು. ಬಂಧನದ ವೇಳೆ ಪಾಲಿಸಬೇಕಾದ ನಿಯಮಗಳನ್ನು ಸುಪ್ರೀಂ ಕೋರ್ಟು 1996ರಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿತು, 2020ರಲ್ಲಿ ಎಲ್ಲ ಠಾಣೆಗಳಲ್ಲೂ ಕ್ಯಾಮರಾ ಇಡಬೇಕೆಂದು ಆದೇಶಿಸಿತು. ಇಷ್ಟೆಲ್ಲ ಹೇಳಬೇಕಾಗಿ ಬಂತು ಎಂದರೆ ಹೊಡೆಯುವುದು ನಡೆದಿತ್ತು ಎಂದೇ ಅರ್ಥ. ನಾನೂ ಕಂಡಿದ್ದೇನೆ, ಅದು ತಪ್ಪು. ಹಾಗೆ ಆದರೆ ಪೊಲೀಸ್ ದೂರು ಪ್ರಾಧಿಕಾರ ಇದೆ, ಮಾನವ ಹಕ್ಕುಗಳ ಆಯೋಗ ಇದೆ.

112ರ ಬಗ್ಗೆ ಚಿಕ್ಕದೊಂದು ಸೂಚನೆ. ಆ ಕರೆ ನಿಮ್ಮ ಠಾಣೆಗೆ ನೇರ ಹೋಗುವುದಿಲ್ಲ, ಬೆಂಗಳೂರಿನ ಕೇಂದ್ರಕ್ಕೆ ಹೋಗಿ ಅಲ್ಲಿಂದ ನಮ್ಮ ಜಿಲ್ಲೆಯ ವಾಹನಕ್ಕೆ ಬರುತ್ತದೆ. ಹಾಗಾಗಿ ಬರೀ "ಕಾಸರಕೋಡ" ಎಂದರೆ ಅಲ್ಲಿ ಕೂತವರಿಗೆ ಕೇರಳದ ಕಾಸರಗೋಡು ನೆನಪಾದೀತು. "ಹೊನ್ನಾವರ ತಾಲೂಕು ಕಾಸರಕೋಡ" ಎನ್ನಿ, ಹತ್ತಿರದ ದೇವಸ್ಥಾನವನ್ನೋ ಶಾಲೆಯನ್ನೋ ಹೇಳಿ. ಫೋನಿನಲ್ಲಿ ದುಡ್ಡು ಹೋದರೆ ನಾಚಿಕೊಂಡು ತಡ ಮಾಡದೆ 1930ಕ್ಕೆ ಹೇಳಿ. ಮೊದಲ ಗಂಟೆಗಳಲ್ಲೇ ಹಣ ತಡೆಯಲು ಸಾಧ್ಯ.

ಇನ್ನು ಹೆಂಗಸರು ಪ್ರೀತಿಯಿಂದ ಕೇಳುವ ಪ್ರಶ್ನೆ: "ನಿಮಗೆ ಹಬ್ಬ ಇಲ್ವಾ?" ಹಬ್ಬವಿದೆ, ಊರವರದು. ಶಿವರಾತ್ರಿ ಎಂದರೆ ಗೋಕರ್ಣದ ರಥಬೀದಿ. ರಾಮನವಮಿ ಎಂದರೆ ಭಟ್ಕಳದ ಚನ್ನಪಟ್ಟಣ ಹನುಮಂತ ದೇವರ ತೇರು. ತೇರು ಎಳೆಯುವ ಮುನ್ನ ದೇವಸ್ಥಾನದವರು ಊರಿನ ಮುಸ್ಲಿಂ ಮನೆತನವೊಂದನ್ನು ಕರೆಯಲು ಹೋಗುವ ಸಂಪ್ರದಾಯ ಅಲ್ಲಿದೆ. ಭಟ್ಕಳ ಎಂದರೆ 1993ರ ಗಲಭೆಯೊಂದನ್ನೇ ನೆನೆಯುವವರು ಇದನ್ನೂ ನೋಡಬೇಕು. ಬಂದೋಬಸ್ತಿಗೆ ನಿಂತ ನಾನು ನೋಡಿದ್ದೇನೆ. ಆ ಹಬ್ಬಗಳೇ ನನ್ನ ಹಬ್ಬ ಎಂದುಕೊಂಡೆ. ನನ್ನ ಮಕ್ಕಳ ದೀಪಾವಳಿಗಳು ನಾನಿಲ್ಲದೆ ಕಳೆದವು, ಆ ಲೆಕ್ಕ ನನ್ನ ಹೆಂಡತಿಯ ಹತ್ತಿರ ಇದೆ.

ಕೇಳುಗರೇ, ಠಾಣೆಯ ಮುಂಬಾಗಿಲಿಗೆ ರಾತ್ರಿ ಬೀಗ ಬೀಳುವುದಿಲ್ಲ. ಎಷ್ಟು ಹೊತ್ತಿಗೆ ಹೋದರೂ ಒಬ್ಬ ಎಚ್ಚರವಾಗಿರುತ್ತಾನೆ. ಯಾರನ್ನೂ ಮುಂದೆ ಬಿಡದೆ ನೀವೇ ಹೋಗಿ, ನಿಮ್ಮ ಮಾತಲ್ಲೇ ಹೇಳಿ. ಮತ್ತೆ ಈ ರಾತ್ರಿ ಡ್ಯೂಟಿಯಲ್ಲಿ ಕೂತಿರುವ ನನ್ನ ತಮ್ಮಂದಿರೇ, ತಂಗಿಯರೇ, ಅಂದು ಮೆಟ್ಟಿಲ ಮೇಲೆ ಕೂತ ಆ ಹೆಂಗಸಿಗೆ ನಾನು ಕುರ್ಚಿ ಕೊಡಲಿಲ್ಲ. ನೀವು ಕೊಡಿ.